ಪೂರ್ವ ಲಂಡನ್ನಿನಲ್ಲಿ ಯಹೂದಿ ವಲಸಿಗರ ಜಾಡು ಹಿಡಿದು: ನನ್ನ ಅನುಭವ

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಮತ್ತು ವೈಟ್‌ಚಾಪೆಲ್ ಬೀದಿಗಳನ್ನು ನೋಡಲು ನಾನು ಮೊದಲ ಸಲ ಹೋದದ್ದು ಒಂದು ಶನಿವಾರ. ಅದು ಯಹೂದಿಗಳ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನವೆಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. 1701ರಲ್ಲಿ ಕಟ್ಟಿದ ಬೆವಿಸ್ ಮಾರ್ಕ್ಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಅಂದು ಪ್ರಾರ್ಥನೆಗೆ ಬರುವವರಿಗೆ ಮಾತ್ರ ಮೀಸಲಾಗಿದ್ದರಿಂದ ಹೊರಗಿನಿಂದಲೇ ಮರಳಿದೆ. ಎರಡನೆಯ ಸಲ ವಾರದ ನಡುವೆ ರಜೆ ಹಾಕಿ, ಅಂಗಡಿಗಳು ತೆರೆಯುವ ಮೊದಲೇ ಆಲ್ಡ್‌ಗೇಟ್ ನಿಲ್ದಾಣದಲ್ಲಿ ಇಳಿದೆ.

ಕೈಯಲ್ಲಿ ಒಂದು ನಕ್ಷೆಯ ಪ್ರತಿ ಇತ್ತು. 1899ರಲ್ಲಿ ಜಾರ್ಜ್ ಆರ್ಕೆಲ್ ಸಿದ್ಧಪಡಿಸಿದ ಈ ನಕ್ಷೆ, ಇಲ್ಲಿನ ಒಂದೊಂದು ಬೀದಿಯಲ್ಲಿ ಯಹೂದಿಗಳ ಪ್ರಮಾಣ ಎಷ್ಟಿತ್ತೆಂಬುದನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಹೆಚ್ಚುಕಡಿಮೆ ಪೂರ್ತಿ ಯಹೂದಿಗಳೇ ಇದ್ದ ಬೀದಿಗಳಿಗೆ ಕಡು ನೀಲಿ. ಹಿಂದಿನ ರಾತ್ರಿ ಇಂದಿನ ನಕ್ಷೆಯೊಡನೆ ಹೋಲಿಸಿ, ಈಗಲೂ ಉಳಿದಿರುವ ನೀಲಿ ಬೀದಿಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಆ ಒಂದು ಗಂಟೆಯ ಕೆಲಸವೇ ಇಡೀ ದಿನ ನನಗೆ ದಾರಿ ತೋರಿಸಿತು.

1881ರಲ್ಲಿ ರಷ್ಯಾದ ದೊರೆ ಎರಡನೆಯ ಅಲೆಕ್ಸಾಂಡರನ ಕೊಲೆಯಾದ ಬಳಿಕ ಅಲ್ಲಿನ ಯಹೂದಿಗಳ ಮೇಲೆ ದಾಳಿಗಳು ನಡೆದವು. ಆ ಭಯದಿಂದಲೂ ಬಡತನದಿಂದಲೂ ಊರು ಬಿಟ್ಟವರಲ್ಲಿ ಬಹಳ ಮಂದಿ ಹಡಗಿನಲ್ಲಿ ಬಂದು ಬಂದರಿಗೆ ಹತ್ತಿರದ ಈ ಬೀದಿಗಳಲ್ಲೇ ನೆಲೆಸಿದರು. ಇಕ್ಕಟ್ಟಾದ ಕೋಣೆಗಳಲ್ಲಿ ಬಟ್ಟೆ ಹೊಲಿದು ಹೊಟ್ಟೆ ಹೊರೆದರು.

ಬ್ರೂನ್ ಬೀದಿಯಲ್ಲಿ ನಾನು ಬಹಳ ಹೊತ್ತು ನಿಂತೆ. ಬಡ ಯಹೂದಿಗಳಿಗೆ ಸೂಪು ಮತ್ತು ಬ್ರೆಡ್ಡು ಹಂಚುತ್ತಿದ್ದ ಅನ್ನಛತ್ರದ ಕಟ್ಟಡ ಅಲ್ಲಿದೆ. ಒಳಗೀಗ ವಾಸದ ಮನೆಗಳಿವೆ, ಆದರೆ ಮುಂಗಟ್ಟಿನ ಅಕ್ಷರಗಳು ಹಾಗೇ ಇವೆ. ಒಳಹೋಗುವ ದಾರಿ, ಹೊರಬರುವ ದಾರಿ ಎಂದು ಬಾಗಿಲುಗಳ ಮೇಲೆ ಬೇರೆಬೇರೆಯಾಗಿ ಕೆತ್ತಿದ್ದಾರೆ. ಸಾಲು ಎಷ್ಟು ಉದ್ದವಿದ್ದಿರಬೇಕೆಂದು ಆ ಎರಡು ಬಾಗಿಲುಗಳೇ ಹೇಳುತ್ತವೆ. ಮೇಲೆ 5662 ಮತ್ತು 1902 ಎಂದು ಎರಡು ಇಸವಿಗಳಿವೆ. ಮೊದಲನೆಯದು ಯಹೂದಿ ಪಂಚಾಂಗದ ವರ್ಷ. ನಮ್ಮ ಲಗ್ನಪತ್ರಿಕೆಗಳಲ್ಲಿ ಶಾಲಿವಾಹನ ಶಕೆಯ ಪಕ್ಕದಲ್ಲೇ ಇಂಗ್ಲಿಷ್ ತಾರೀಖು ಹಾಕುವುದು ನೆನಪಾಗಿ, ಆ ಜನ ನನಗೆ ತೀರ ಹತ್ತಿರದವರೆನಿಸಿದರು.

ವೆಂಟ್‌ವರ್ತ್ ಬೀದಿಯಲ್ಲಿ ಕೆಲಸಗಾರರ ವಸತಿಗಾಗಿ ಕಟ್ಟಿದ್ದ ದೊಡ್ಡ ಸಮುಚ್ಚಯದ ಪೈಕಿ 1886ರ ಇಸವಿಯಿರುವ ಕಮಾನು ಮಾತ್ರ ಉಳಿದಿದೆ.

ಅಲ್ಲಿಂದ ಬ್ರಿಕ್ ಲೇನ್. ಫೋರ್ನಿಯರ್ ಬೀದಿಯ ಮೂಲೆಯಲ್ಲಿರುವ ಮಸೀದಿಯನ್ನು 1743ರಲ್ಲಿ ಚರ್ಚಾಗಿ ಕಟ್ಟಿದವರು ಫ್ರಾನ್ಸಿನಿಂದ ಓಡಿ ಬಂದ ಹ್ಯೂಗೆನೋ ಪ್ರೊಟೆಸ್ಟಂಟರು. 1809ರಿಂದ ಸುಮಾರು ಹತ್ತು ವರ್ಷ, ಯಹೂದಿಗಳನ್ನು ಮತಾಂತರಿಸಲೆಂದೇ ಹುಟ್ಟಿದ ಸಂಘವೊಂದು ಇದನ್ನು ಬಳಸಿತು. ಆಮೇಲೆ ಮೆಥಡಿಸ್ಟ್ ಪಂಥದ ಕ್ರೈಸ್ತರ ಪ್ರಾರ್ಥನಾಲಯವಾಯಿತು. 1898ರಲ್ಲಿ ಯಹೂದಿಗಳದೇ ಸಿನಗಾಗ್ ಆಯಿತು. ಅವರು ಉತ್ತರದ ಬಡಾವಣೆಗಳಿಗೆ ಹೋದ ಮೇಲೆ, 1976ರಿಂದ ಬಾಂಗ್ಲಾದೇಶದಿಂದ ಬಂದವರು ಇಲ್ಲಿ ನಮಾಜು ಮಾಡುತ್ತಿದ್ದಾರೆ. ಗೋಡೆಯ ಎತ್ತರದಲ್ಲಿರುವ ನೆರಳು ಗಡಿಯಾರದ ಮೇಲೆ 'ನಾವು ನೆರಳು' ಎಂಬ ಅರ್ಥದ ಲ್ಯಾಟಿನ್ ಮಾತಿದೆ. ಮಾಲೀಕರು ಬದಲಾದರೂ ಯಾರೂ ಅದನ್ನು ಅಳಿಸಿಲ್ಲ. ಈ ಬೀದಿಗಳಲ್ಲಿ ನಡೆಯುವವರು ಅಂಗಡಿಗಳ ಬೋರ್ಡುಗಳಿಗಿಂತ ಮೇಲಕ್ಕೆ ಕಣ್ಣು ಹಾಯಿಸಬೇಕೆಂಬುದನ್ನು ನಾನು ಕಲಿತದ್ದು ಇಲ್ಲಿಯೇ.

ಕೊನೆಗೆ ವೈಟ್‌ಚಾಪೆಲ್ ರಸ್ತೆಯ ಸಂತೆಯ ನಡುವೆ, ಏಳನೆಯ ಎಡ್ವರ್ಡ್ ದೊರೆಯ ನೆನಪಿನ ಕುಡಿಯುವ ನೀರಿನ ಕಾರಂಜಿಯನ್ನು ಹುಡುಕಿದೆ. ತರಕಾರಿ ಮತ್ತು ಬಟ್ಟೆಯ ಮಳಿಗೆಗಳ ಹಿಂದೆ ಅದು ಥಟ್ಟನೆ ಕಾಣುವುದಿಲ್ಲ. ಪೂರ್ವ ಲಂಡನ್ನಿನ ಯಹೂದಿ ನಿವಾಸಿಗಳು 1911ರಲ್ಲಿ ಚಂದಾ ಎತ್ತಿ ಇದನ್ನು ನಿಲ್ಲಿಸಿದರೆಂದು ಕಲ್ಲಿನ ಮೇಲಿದೆ. ತಮ್ಮಂಥವರು ದೇಶದೊಳಗೆ ಬರುವುದನ್ನು ತಡೆಯಲು 1905ರಲ್ಲಿ ಕಾಯಿದೆ ಬಂದು ಆರೇ ವರ್ಷವಾಗಿತ್ತು. ಆದರೂ ಅವರು ಕಾಸಿಗೆ ಕಾಸು ಕೂಡಿಸಿ, ದಾರಿಹೋಕರೆಲ್ಲರಿಗೂ ನೀರು ಕೊಟ್ಟರು. ಕಾರಂಜಿಯ ಸುತ್ತಲಿನ ಪುಟ್ಟ ಶಿಲ್ಪಗಳಲ್ಲೊಂದು ಮಗುವಿನದು. ಅದರ ಕೈಯಲ್ಲಿರುವುದು ಸೂಜಿ ಮತ್ತು ದಾರ.