ಓದು ಮಂಗಳೂರಿನಲ್ಲಿ, ಮನೆ ಕಾಸರಗೋಡಿನಲ್ಲಿ, ಕೆಲಸ ಹೊರದೇಶದಲ್ಲಿ: ನರ್ಸ್‌ಗಳ ಕಾಗದಪತ್ರ ಸರಿಮಾಡುವ ಬಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ನರ್ಸ್‌ಗಳ ಫೈಲು ಬೇರೆಯವರದ್ದಕ್ಕಿಂತ ತುಸು ತೊಡಕಿನದು. ಎಸ್ಸೆಸ್ಸೆಲ್ಸಿ, ಪ್ಲಸ್ ಟು ಕೇರಳದ್ದು. ನರ್ಸಿಂಗ್ ಓದಿದ್ದು ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ. ಡಿಗ್ರಿ ಹೆಚ್ಚಾಗಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು, ರಿಜಿಸ್ಟ್ರೇಷನ್ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನದು. ಕೆಲಸ ಮಾಡಿದ್ದು ಮಾತ್ರ ಕಾಸರಗೋಡು, ಕಾಞಂಗಾಡು ಅಥವಾ ಕಣ್ಣೂರಿನಲ್ಲಿ. ಎರಡು ರಾಜ್ಯಗಳ ಐದಾರು ಕಚೇರಿಗಳು ಕೊಟ್ಟ ಕಾಗದಗಳು ಒಂದೇ ವ್ಯಕ್ತಿಯ ಬಗ್ಗೆ ಒಂದೇ ಮಾತು ಹೇಳಬೇಕು. ಹೊರದೇಶದಲ್ಲಿ ಅರ್ಜಿ ನೋಡುವವರಿಗೆ ತಲಪಾಡಿಯ ಗಡಿ ಗೊತ್ತಿಲ್ಲ, ಅವರು ನೋಡುವುದು ಹೆಸರು, ತಾರೀಖು, ಸೀಲು ಮಾತ್ರ. ಹೆಚ್ಚಿನವರು ಎಡವುವುದು ಪರೀಕ್ಷೆಯಲ್ಲಲ್ಲ, ಇಲ್ಲಿ. ಆದ್ದರಿಂದ ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ಫೈಲು ಸರಿಮಾಡಿಕೊಳ್ಳಿ.

ಮೊದಲು ಹೆಸರು

ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ, ಡಿಗ್ರಿ, ಕೌನ್ಸಿಲ್ ರಿಜಿಸ್ಟ್ರೇಷನ್, ಈ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಇಂಗ್ಲಿಷ್ ಅಕ್ಷರ ಒಂದೊಂದನ್ನೇ ಬೆರಳಿಟ್ಟು ಓದಿ. ನಮ್ಮ ಕಡೆ ತಪ್ಪು ನುಸುಳುವ ಜಾಗಗಳು ಬೇರೆಯೇ. ಶಶಿಕಲಾ ಎಂಬ ಹೆಸರನ್ನು ಕೇರಳದ ರೂಢಿಯಲ್ಲಿ ಬರೆದರೆ ‘ಎಸ್’ ಅಷ್ಟೇ ಬರುತ್ತದೆ, ಕರ್ನಾಟಕದ ರೂಢಿಯಲ್ಲಿ ‘ಎಸ್‌ಎಚ್’. ಅಪ್ಪನ ಹೆಸರು ಒಂದರಲ್ಲಿ ವಿಶ್ವನಾಥ, ಇನ್ನೊಂದರಲ್ಲಿ ವಿಶ್ವನಾಥನ್. ಶಾಲೆಯಲ್ಲಿ ‘ಶಶಿಕಲಾ ಬಿ.’ ಎಂದಿದ್ದವಳು ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಶಶಿಕಲಾ ಬಾಲಕೃಷ್ಣ’ ಆಗಿರುತ್ತಾಳೆ, ಮದುವೆಯ ನಂತರ ಮಾಡಿಸಿದ ಪಾಸ್‌ಪೋರ್ಟಾದರೆ ಗಂಡನ ಹೆಸರೂ ಸೇರಿರುತ್ತದೆ. ಹುಟ್ಟಿದ ಊರು ಕಾಸರಗೋಡು ಎಂಬುದರಲ್ಲೂ ‘ಎಸ್’ ಆದಮೇಲೆ ‘ಎ’ ಒಂದರಲ್ಲಿ ಇದೆ, ಒಂದರಲ್ಲಿ ಇಲ್ಲ.

ಒಂದೆರಡು ಅಕ್ಷರದ ವ್ಯತ್ಯಾಸ, ಇನಿಷಿಯಲ್ ಬಿಡಿಸಿದ್ದು, ಇಷ್ಟೇ ಆದರೆ ವಿಲ್ಲೇಜ್ ಆಫೀಸಿನ ‘ಇಬ್ಬರೂ ಒಬ್ಬರೇ’ ಎಂಬ ಸರ್ಟಿಫಿಕೇಟ್, ಅದರ ಜೊತೆಗೆ ನೋಟರಿಯ ಅಫಿಡವಿಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ ಹಾಕಬಹುದು. ಕಾಸರಗೋಡಿನಲ್ಲಿ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗಿದೆ, ಅದನ್ನು ಬಿಟ್ಟುಕೊಡಬೇಕಿಲ್ಲ. ಆದರೆ ಕೈಗೆ ಬರುವ ಸರ್ಟಿಫಿಕೇಟ್ ಇಂಗ್ಲಿಷಿನಲ್ಲೇ ಇರಲಿ ಎಂದು ಮೊದಲೇ ಹೇಳಿ. ಮಲಯಾಳದಲ್ಲಿ ಬಂದರೆ ಅದರ ಅನುವಾದಕ್ಕೆ ಇನ್ನೊಂದು ಓಡಾಟ.

ಹೆಸರೇ ಬೇರೆಯಾಗಿದ್ದರೆ, ಅಥವಾ ಹುಟ್ಟಿದ ತಾರೀಖು ತಾಳೆಯಾಗದಿದ್ದರೆ, ಅಫಿಡವಿಟ್ ನಂಬಿ ಹೊರಡಬೇಡಿ. ದಾಖಲೆಯನ್ನೇ ತಿದ್ದಿಸಬೇಕು. ಯಾವುದನ್ನು? ಮೂರು ಒಂದೇ ತರ ಇದ್ದು ನಾಲ್ಕನೆಯದು ಬೇರೆಯಿದ್ದರೆ ಆ ನಾಲ್ಕನೆಯದನ್ನು. ಅದು ಪಾಸ್‌ಪೋರ್ಟ್ ಆಗಿದ್ದರೆ ಪುಣ್ಯ, ಪಯ್ಯನ್ನೂರಿನ ಸೇವಾ ಕೇಂದ್ರದಲ್ಲಿ ರೀಇಶ್ಯೂಗೆ ಹಾಕಿದರೆ ಆಗುತ್ತದೆ. ಎಸ್ಸೆಸ್ಸೆಲ್ಸಿ ಆಗಿದ್ದರೆ ಗಜೆಟ್, ತಿರುವನಂತಪುರದ ಪರೀಕ್ಷಾ ಭವನ ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು ಎನ್ನುವುದು.

ಕೌನ್ಸಿಲ್ ಒಂದಲ್ಲ, ಎರಡು

ಕೇರಳದ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡಬೇಕಾದರೆ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲಿ ಹೆಸರಿರಬೇಕು. ಕರ್ನಾಟಕ ಕೌನ್ಸಿಲಿನ ನೋಂದಣಿ ಇಟ್ಟುಕೊಂಡು ಕಾಸರಗೋಡಿನಲ್ಲಿ ಮೂರು ವರ್ಷ ದುಡಿದವರು ಬೇಕಾದಷ್ಟು ಜನ ಇದ್ದಾರೆ. ದುಡಿದದ್ದು ನಿಜ, ರೋಗಿಗಳನ್ನು ನೋಡಿಕೊಂಡದ್ದು ನಿಜ. ಆದರೆ ಆ ಮೂರು ವರ್ಷಕ್ಕೆ ಕೇರಳದ ಲೈಸೆನ್ಸ್ ತೋರಿಸಿ ಎಂದು ಕೇಳಿದಾಗ ಕೊಡಲು ಕಾಗದ ಇರುವುದಿಲ್ಲ, ಅನುಭವ ಲೆಕ್ಕಕ್ಕೆ ಬರದೆ ಹೋಗಬಹುದು. ಇದನ್ನು ಹಿಂದಿನ ತಾರೀಖಿಗೆ ಸರಿಮಾಡಲು ದಾರಿಯಿಲ್ಲ. ಕೇರಳದಲ್ಲಿ ಕೆಲಸಕ್ಕೆ ಸೇರುವ ಯೋಚನೆ ಇರುವವರು ರೆಸಿಪ್ರೋಕಲ್ ರಿಜಿಸ್ಟ್ರೇಷನ್, ಅಂದರೆ ಒಂದು ರಾಜ್ಯದ ನೋಂದಣಿಯ ಆಧಾರದ ಮೇಲೆ ಇನ್ನೊಂದು ರಾಜ್ಯದ ಕೌನ್ಸಿಲಿನಲ್ಲೂ ನೋಂದಣಿ, ಮಾಡಿಸಿಕೊಂಡೇ ಸೇರಬೇಕು. ಯಾವ ಕೌನ್ಸಿಲಿನದೇ ಇರಲಿ, ನೋಂದಣಿಯ ನವೀಕರಣದ ಅವಧಿ ಮುಗಿಯಲು ಬಿಡಬೇಡಿ.

ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನು, ಅಂದರೆ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆ, ನಿಮ್ಮ ಮೇಲೆ ಕ್ರಮವಿಲ್ಲ ಎಂದು ಕೌನ್ಸಿಲ್ ಕೊಡುವ ಪತ್ರವನ್ನು, ಕೊನೆಗೆ ತೆಗೆಸಿ. ಅದಕ್ಕೆ ಸಾಮಾನ್ಯವಾಗಿ ಆರು ತಿಂಗಳ ಆಯಸ್ಸು. ಮೊದಲೇ ತೆಗೆಸಿಟ್ಟರೆ ಉಳಿದ ಕಾಗದ ಕೈಸೇರುವ ಹೊತ್ತಿಗೆ ಅದು ಹಳತಾಗಿರುತ್ತದೆ.

ಅಟೆಸ್ಟೇಷನ್: ಮನೆ ಇರುವ ರಾಜ್ಯವಲ್ಲ, ಸರ್ಟಿಫಿಕೇಟ್ ಕೊಟ್ಟ ರಾಜ್ಯ

ಹೊರದೇಶಕ್ಕೆ ಹೋಗುವವರಿಗಾಗಿ ಕೇರಳ ಸರ್ಕಾರ ನಡೆಸುವ ನೋರ್ಕಾ ರೂಟ್ಸಿನ ಕಲ್ಲಿಕೋಟೆ ಕಚೇರಿಗೆ ಎಲ್ಲ ಕಾಗದ ಹಿಡಿದುಕೊಂಡು ಹೋಗಿ ಅರ್ಧದಷ್ಟನ್ನು ವಾಪಸು ತರುವವರು ಎಷ್ಟೋ ಮಂದಿ. ಅಟೆಸ್ಟೇಷನ್ ಎಂದರೆ ಕಾಗದ ಅಸಲಿ ಎಂದು ಸರ್ಕಾರ ಸೀಲು ಹಾಕುವುದು. ರಾಜ್ಯ ಮಟ್ಟದ ಅಟೆಸ್ಟೇಷನ್, ಅಂದರೆ ಎಲ್ಲರೂ ಎಚ್‌ಆರ್‌ಡಿ ಎಂದು ಕರೆಯುವುದು, ಸರ್ಟಿಫಿಕೇಟ್ ಕೊಟ್ಟ ರಾಜ್ಯದ್ದೇ ಆಗಬೇಕು. ಕೇರಳದ ಎಸ್ಸೆಸ್ಸೆಲ್ಸಿ, ಪ್ಲಸ್ ಟು ನೋರ್ಕಾದಲ್ಲಿ ಆಗುತ್ತದೆ. ಮಂಗಳೂರಿನಲ್ಲಿ ಓದಿದ ನರ್ಸಿಂಗ್ ಡಿಗ್ರಿಗೆ ಬೆಂಗಳೂರೇ ಗತಿ: ಮೊದಲು ವಿಶ್ವವಿದ್ಯಾಲಯದಿಂದ ನೈಜತೆಯ ದೃಢೀಕರಣ, ಆಮೇಲೆ ಕರ್ನಾಟಕ ಸರ್ಕಾರದ ಇಲಾಖೆಯ ಸೀಲು. ಆರೋಗ್ಯ ವಿಶ್ವವಿದ್ಯಾಲಯ ಇರುವುದು ಜಯನಗರದ 4ನೇ ಟಿ ಬ್ಲಾಕಿನಲ್ಲಿ. ಟ್ರಾನ್ಸ್‌ಕ್ರಿಪ್ಟ್, (ಓದಿದ ವಿಷಯಗಳ ವಿವರಪಟ್ಟಿ), ದೃಢೀಕರಣ, ಕೌನ್ಸಿಲಿನ ಕೆಲಸ ಎಲ್ಲವನ್ನೂ ಒಂದೇ ಪ್ರಯಾಣಕ್ಕೆ ಹೊಂದಿಸಿಕೊಂಡರೆ ಕಣ್ಣೂರು ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೋಗಿ ಮರುರಾತ್ರಿ ಹೊರಟುಬಿಡಬಹುದು. ಆನ್‌ಲೈನ್ ಅರ್ಜಿ, ಶುಲ್ಕ ಮನೆಯಿಂದಲೇ ಮುಗಿಸಿ, ರಸೀದಿ ಪ್ರಿಂಟ್ ಹಾಕಿಕೊಂಡು ಹೊರಡಿ.

ರಾಜ್ಯದ ಸೀಲು ಬಿದ್ದಮೇಲೆ ವಿದೇಶಾಂಗ ಸಚಿವಾಲಯದ್ದು. ಅಲ್ಲಿಂದ ಮುಂದೆ ದಾರಿ ಕವಲಾಗುತ್ತದೆ. ಸೌದಿ, ಒಮಾನ್, ಬಹ್ರೈನ್ ಅಪೊಸ್ಟೈಲ್ ಒಪ್ಪಂದಕ್ಕೆ, ಅಂದರೆ ಒಂದು ದೇಶದ ದೃಢೀಕರಣದ ಸ್ಟಿಕ್ಕರನ್ನು ಇನ್ನೊಂದು ದೇಶ ರಾಯಭಾರ ಕಚೇರಿಯ ಸೀಲಿಲ್ಲದೆ ಒಪ್ಪುವ ಒಪ್ಪಂದಕ್ಕೆ, ಸೇರಿದ ದೇಶಗಳು, ಸೌದಿ ಸೇರಿದ್ದು 2022ರಲ್ಲಿ. ಅಲ್ಲಿಗೆ ಸಚಿವಾಲಯದ ಅಪೊಸ್ಟೈಲ್ ಸ್ಟಿಕ್ಕರ್. ಯುಎಇ, ಕತಾರ್, ಕುವೈತ್‌ಗಾದರೆ ಸಚಿವಾಲಯದ ಸೀಲಿನ ನಂತರ ಆ ದೇಶದ ರಾಯಭಾರ ಕಚೇರಿಯದ್ದೂ ಬೇಕು. ಸೌದಿಗೆ ಎಂದು ಮಾಡಿಸಿದ್ದು ದುಬೈಗೆ ಹಾಗೆಯೇ ನಡೆಯುವುದಿಲ್ಲ, ಆದ್ದರಿಂದ ದೇಶ ಗಟ್ಟಿಯಾಗುವ ಮೊದಲು ರಾಜ್ಯದ ಸೀಲಿನವರೆಗೆ ಮಾತ್ರ ಮಾಡಿಸಿ ನಿಲ್ಲಿಸುವುದು ಜಾಣತನ.

ಎರಡು ವಿಷಯ ಇಲ್ಲೇ ಹೇಳಬೇಕು. ಪ್ರಾವಿಷನಲ್ ಸರ್ಟಿಫಿಕೇಟನ್ನು ನೆಚ್ಚಿಕೊಂಡು ಕೂರಬೇಡಿ, ಘಟಿಕೋತ್ಸವದ ಡಿಗ್ರಿಗೆ ಕೂಡಲೇ ಅರ್ಜಿ ಹಾಕಿ. ಇನ್ನೊಂದು, ಲ್ಯಾಮಿನೇಷನ್. ಹಾಳಾಗದಿರಲಿ ಎಂದು ಪ್ರೀತಿಯಿಂದ ಡಿಗ್ರಿಗೆ ಪ್ಲಾಸ್ಟಿಕ್ ಹೊದಿಸುವ ಮನೆಗಳು ನಮ್ಮಲ್ಲಿ ಬಹಳ. ಸೀಲು, ಸಹಿ, ಸ್ಟಿಕ್ಕರ್ ಬೀಳಬೇಕಾದದ್ದು ಕಾಗದದ ಬೆನ್ನ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ, ಕಚೇರಿಯವರು ತೆಗೆದುಕೊಳ್ಳುವುದೂ ಇಲ್ಲ. ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು ಸುಲಿಯಲು ಹೋದರೆ ಪ್ಲಾಸ್ಟಿಕ್ಕಿನ ಜೊತೆ ಅಕ್ಷರವೂ ಎದ್ದು ಬರುತ್ತದೆ, ರಿಜಿಸ್ಟ್ರಾರ್ ಸಹಿ ಅರ್ಧ ಅಲ್ಲಿ ಅರ್ಧ ಇಲ್ಲಿ. ಹಾಗೆ ಮಾಡಬೇಡಿ. ವಿಶ್ವವಿದ್ಯಾಲಯಕ್ಕೆ ಡ್ಯೂಪ್ಲಿಕೇಟ್ ಪ್ರತಿಗಾಗಿ ಅರ್ಜಿ ಕೊಡುವುದೇ ಸುರಕ್ಷಿತ.

ಡಾಟಾಫ್ಲೋ ಎಂದರೆ ಅಟೆಸ್ಟೇಷನ್ ಅಲ್ಲ

ಇವೆರಡನ್ನೂ ಒಂದೇ ಎಂದು ತಿಳಿದು ಏಜೆಂಟಿಗೆ ಎರಡು ಸಲ ದುಡ್ಡು ಕೊಟ್ಟವರಿದ್ದಾರೆ. ಅಟೆಸ್ಟೇಷನ್ ಕಾಗದದ ಮೇಲಿನ ಸಹಿಗೆ ಸಾಕ್ಷಿ, ಮುಖ್ಯವಾಗಿ ವೀಸಾ ಮತ್ತು ಕೆಲಸದ ಪರವಾನಿಗೆಗೆ. ಡಾಟಾಫ್ಲೋ ಎನ್ನುವುದು ಲೈಸೆನ್ಸಿಗಾಗಿ ನಡೆಯುವ ವಿಚಾರಣೆ: ಕಾಲೇಜು, ಕೌನ್ಸಿಲ್, ಆಸ್ಪತ್ರೆ ಇವರನ್ನೇ ನೇರವಾಗಿ ಕೇಳಿ, ‘ಹೌದು, ಇದು ನಾವೇ ಕೊಟ್ಟದ್ದು’ ಎಂಬ ಉತ್ತರ ಪಡೆಯುತ್ತಾರೆ. ಲೈಸೆನ್ಸಿಗೆ ಅರ್ಜಿ ಹಾಕುವುದು ಆಯಾ ಜಾಗದ ಆರೋಗ್ಯ ಪ್ರಾಧಿಕಾರಕ್ಕೆ: ದುಬೈಗೆ ಡಿಎಚ್‌ಎ, ಅಬುಧಾಬಿಗೆ ಡಿಒಎಚ್, ಶಾರ್ಜಾ ಮತ್ತು ಉತ್ತರದ ಎಮಿರೇಟ್‌ಗಳಿಗೆ ಎಂಒಎಚ್‌ಎಪಿ, ಸೌದಿಗೆ ಮುಮಾರಿಸ್ ಪ್ಲಸ್ ಪೋರ್ಟಲ್. ಅರ್ಜಿಯ ದಾರಿ ಬೇರೆಬೇರೆ, ಪರಿಶೀಲನೆಯ ಬಗೆ ಒಂದೇ.

ಹೆಚ್ಚು ಸಿಕ್ಕಿಕೊಳ್ಳುವುದು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟಿನಲ್ಲಿ. ‘ಇವರು ನಮ್ಮಲ್ಲಿ ಎರಡು ವರ್ಷ ಚೆನ್ನಾಗಿ ಕೆಲಸ ಮಾಡಿದ್ದಾರೆ’ ಎಂಬ ನಾಲ್ಕು ಸಾಲಿನ ಪತ್ರದಿಂದ ಏನೂ ಆಗದು. ಲೆಟರ್‌ಹೆಡ್, ಪತ್ರದ ತಾರೀಖು, ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಪೂರ್ತಿ ಹೆಸರು, ಸ್ಟಾಫ್ ನರ್ಸ್ ಎಂಬ ಹುದ್ದೆ, ವಾರ್ಡು, ಸೇರಿದ ದಿನ, ಬಿಟ್ಟ ದಿನ, ಪೂರ್ಣಾವಧಿ ಎಂಬ ಮಾತು, ಆಸ್ಪತ್ರೆಯ ಬೆಡ್ಡುಗಳ ಸಂಖ್ಯೆ, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ, ಆಸ್ಪತ್ರೆಯ ಫೋನು, ಆಸ್ಪತ್ರೆಯದ್ದೇ ಇಮೇಲ್. ಜಿಮೇಲ್ ವಿಳಾಸ ಕೊಟ್ಟರೆ ಅನುಮಾನಕ್ಕೆ ಅಲ್ಲೇ ಎಡೆ. ಸಣ್ಣ ಆಸ್ಪತ್ರೆಗಳಲ್ಲಿ ಇಮೇಲ್ ನೋಡುವವರೇ ಇರುವುದಿಲ್ಲ. ಕೇಸು ತೆರೆದ ದಿನವೇ ಎಚ್‌ಆರ್ ಅಥವಾ ಆಫೀಸಿನವರ ಬಳಿ ಹೋಗಿ, ಯಾರಿಂದ ಪತ್ರ ಬರುತ್ತದೆ, ಏನು ಕೇಳುತ್ತಾರೆ ಎಂದು ತಿಳಿಸಿ, ಸ್ಪ್ಯಾಮ್ ಫೋಲ್ಡರನ್ನೂ ನೋಡಲು ಹೇಳಿ. ಉತ್ತರ ಬಾರದಿದ್ದರೆ ‘ಪರಿಶೀಲಿಸಲಾಗಲಿಲ್ಲ’ ಎಂದು ವರದಿ ಬರುತ್ತದೆ, ನಿಮ್ಮದು ಏನೂ ತಪ್ಪಿಲ್ಲದೆ. ಆಸ್ಪತ್ರೆ ಮುಚ್ಚಿದ್ದರೆ ಅಥವಾ ಹೆಸರು ಬದಲಾಗಿದ್ದರೆ ಅದರ ದಾಖಲೆ, ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿರಲಿ.

ಅನುಭವ ಸಾಲದೆ ಬಂದಾಗ ‘ಒಂದು ಲೆಟರ್ ಮಾಡಿಕೊಡುತ್ತೇವೆ’ ಎನ್ನುವವರು ಸಿಗುತ್ತಾರೆ. ದಯವಿಟ್ಟು ಬೇಡ. ಸುಳ್ಳು ಪತ್ರ ಸಿಕ್ಕಿಬಿದ್ದು ನೆಗೆಟಿವ್ ವರದಿ ಬಂದರೆ ಆ ಒಂದು ದೇಶದ ಬಾಗಿಲು ಮಾತ್ರವಲ್ಲ, ಮುಂದಿನ ಅರ್ಜಿಗಳಿಗೂ ಅದು ಅಡ್ಡ ನಿಲ್ಲುತ್ತದೆ. ನಾಲ್ಕು ವರ್ಷ ಓದಿ ಪಡೆದ ಡಿಗ್ರಿಯನ್ನು ಒಂದು ಹಾಳೆಗೋಸ್ಕರ ಕಳೆದುಕೊಳ್ಳಬೇಡಿ. ಇನ್ನೂ ಆರು ತಿಂಗಳು ಡ್ಯೂಟಿ ಮಾಡಿ ನಿಜವಾದ ಪತ್ರ ಪಡೆಯುವುದು ಎಷ್ಟೋ ಮೇಲು.

ಒಮ್ಮೆ ಪಾಸಿಟಿವ್ ಬಂದ ವರದಿಯನ್ನು ಇನ್ನೊಂದು ಪ್ರಾಧಿಕಾರಕ್ಕೆ ವರ್ಗಾಯಿಸುವ ಸೌಲಭ್ಯವಿದೆ. ದುಬೈಗೆ ಮಾಡಿಸಿದವರು ಅಬುಧಾಬಿಗೆ ಮತ್ತೆ ಸೊನ್ನೆಯಿಂದ ಶುರುಮಾಡುವ ಮೊದಲು ಅದನ್ನು ನೋಡಿ.

ಗಲ್ಫಿನ ಲೈಸೆನ್ಸಿಗೆ ಬರೆಯುವ ಪರೀಕ್ಷೆಯ ಬಗ್ಗೆ ಹೇಳುವುದು ಸ್ವಲ್ಪವೇ. ನಮ್ಮಲ್ಲಿ ಎಲ್ಲದಕ್ಕೂ ‘ಪ್ರೊಮೆಟ್ರಿಕ್’ ಎಂದೇ ಹೆಸರು, ಆದರೆ ಅದು ಪರೀಕ್ಷೆ ನಡೆಸುವ ಒಂದು ಕಂಪನಿಯ ಹೆಸರು, ಕೆಲವು ಪರೀಕ್ಷೆಗಳನ್ನು ನಡೆಸುವುದು ಪಿಯರ್ಸನ್ ವ್ಯೂ ಎಂಬ ಇನ್ನೊಂದು ಕಂಪನಿ. ಬುಕ್ ಮಾಡುವಾಗ ಪಾಸ್‌ಪೋರ್ಟಿನ ಹೆಸರನ್ನೇ ಹಾಗೆಯೇ ಹಾಕಿ. ಅಕ್ಷರ ಬದಲಾದರೆ ಬಾಗಿಲಲ್ಲೇ ತಡೆಯುತ್ತಾರೆ, ಕಟ್ಟಿದ ದುಡ್ಡೂ ಹೋಗುತ್ತದೆ.

ವಿಮಾನ ಹತ್ತುವ ಮೊದಲಿನ ಕಾನೂನು

2015ರಿಂದ ಇಸಿಆರ್ ಪಟ್ಟಿಯ (ಕೆಲಸಕ್ಕೆ ಹೋಗಲು ಭಾರತ ಸರ್ಕಾರದ ಅನುಮತಿ ಬೇಕಾಗುವ) 18 ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಆ ಅನುಮತಿ, ಕಡ್ಡಾಯ. ಗಲ್ಫಿನ ಆರೂ ದೇಶಗಳು ಅದರಲ್ಲಿವೆ. ಪಾಸ್‌ಪೋರ್ಟಿನಲ್ಲಿ ಇಸಿಎನ್‌ಆರ್ (ಆ ಅನುಮತಿ ಬೇಕಿಲ್ಲ ಎಂಬ ದರ್ಜೆ) ಇದೆ, ನಮಗೆ ಬೇಡ ಎಂದುಕೊಳ್ಳಬೇಡಿ, ನರ್ಸ್‌ಗಳಿಗೆ ಅದೂ ಸಾಲದು. ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಕೇರಳ ಸರ್ಕಾರದ್ದೇ ನೇಮಕಾತಿ ಸಂಸ್ಥೆಗಳು, ಮೊದಲು ಅಲ್ಲಿ ವಿಚಾರಿಸಿ. ಖಾಸಗಿ ಏಜೆಂಟಾದರೆ ಅವರ ಲೈಸೆನ್ಸ್ ನಂಬರನ್ನು ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೀವೇ ಹುಡುಕಿ ನೋಡಿ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಜಿಎಸ್‌ಟಿ ಬೇರೆ. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎಂದವರಿಗೆ ಒರಿಜಿನಲ್ ಕಾಗದ ಕೊಡಬೇಡಿ.

ಬ್ರಿಟನ್, ಜರ್ಮನಿ

ಬ್ರಿಟನ್ನಿನಲ್ಲಿ ನರ್ಸ್‌ಗಳ ನೋಂದಣಿ ಮಾಡುವ ಎನ್‌ಎಂಸಿಗೆ ಡಾಟಾಫ್ಲೋ ಇಲ್ಲ, ಅದು ತಾನೇ ಪರಿಶೀಲಿಸುತ್ತದೆ. ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ಮೂರಕ್ಕೂ 7, ಬರಹಕ್ಕೆ 6.5 ಬೇಕು. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿಯಾದರೆ ಮೂರಕ್ಕೆ ಬಿ, ಬರಹಕ್ಕೆ ಸಿ ಪ್ಲಸ್. ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಹೆಚ್ಚಾಗಿ ಕಾಡುವುದು ಬರಹವೇ. ಒಇಟಿಯಲ್ಲಿ ಬರೆಯಬೇಕಾದದ್ದು ರೋಗಿಯ ರೆಫರಲ್ ಪತ್ರದಂಥದ್ದು, ವಾರ್ಡಿನಲ್ಲಿ ದಿನಾ ಹ್ಯಾಂಡೋವರ್ ಬರೆದವರ ಕೈಗೆ ಅದು ಬೇಗ ಹತ್ತುತ್ತದೆ. ಆಮೇಲೆ ಎರಡು ಪರೀಕ್ಷೆ: ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಇಲ್ಲಿಂದಲೇ ಬರೆಯಬಹುದು, ಹತ್ತು ಸ್ಟೇಷನ್‌ಗಳ ಒಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಅಲ್ಲಿಗೆ ಹೋದಮೇಲೆ.

ಜರ್ಮನಿಯಲ್ಲಿ ಮೊದಲ ಬೇಲಿ ಭಾಷೆ, ಬಿ2 ಮಟ್ಟದ ಜರ್ಮನ್. ಎರಡನೆಯದು ಟ್ರಾನ್ಸ್‌ಕ್ರಿಪ್ಟ್. ಅಲ್ಲಿನ ರಾಜ್ಯದ ಕಚೇರಿ ನಿಮ್ಮ ಓದನ್ನು ತಮ್ಮ ಓದಿನ ಪಕ್ಕ ಇಟ್ಟು ಗಂಟೆ ಲೆಕ್ಕ ನೋಡುತ್ತದೆ. ಅಂಕಪಟ್ಟಿಯಲ್ಲಿ ಅಂಕ ಇರುತ್ತದೆ, ಗಂಟೆ ಇರುವುದಿಲ್ಲ. ಒಂದೊಂದು ವಿಷಯಕ್ಕೆ ಎಷ್ಟು ಗಂಟೆ ಪಾಠ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪ್ರಾಕ್ಟಿಕಲ್ ಎಂದು ಬಿಡಿಬಿಡಿಯಾಗಿ ಬರೆದ ಟ್ರಾನ್ಸ್‌ಕ್ರಿಪ್ಟ್ ಕಾಲೇಜಿನಿಂದ ತೆಗೆಸಿ. ವೃದ್ಧರ ಆರೈಕೆ, ಮನೆಯಲ್ಲಿ ಆರೈಕೆ ಮಾಡಿದ ಗಂಟೆಗಳು ಸಮುದಾಯ ಆರೋಗ್ಯದ ಪೋಸ್ಟಿಂಗಿನಲ್ಲಿ ಅಡಗಿರುತ್ತವೆ, ಅವನ್ನು ಬಿಡಿಸಿ ತೋರಿಸಲು ಕೇಳಿ. ಕಡಿಮೆ ಬಿದ್ದದ್ದನ್ನು ಅವರು ಲಿಖಿತವಾಗಿ ತಿಳಿಸುತ್ತಾರೆ. ಅದನ್ನು ತುಂಬಲು ಆಸ್ಪತ್ರೆಯಲ್ಲೇ ನಡೆಯುವ ಹೊಂದಾಣಿಕೆ ಕೋರ್ಸ್ ಅಥವಾ ಜ್ಞಾನ ಪರೀಕ್ಷೆ, ಎರಡರಲ್ಲಿ ಒಂದು. ಅದು ಮುಗಿಯುವವರೆಗೆ ಸಹಾಯಕರ ಹುದ್ದೆ, ಸಂಬಳವೂ ಅದಕ್ಕೆ ತಕ್ಕಂತೆ. ಮನೆಯವರಿಗೆ ಮೊದಲೇ ಹೇಳಿಡಿ, ಸಾಲದ ಕಂತು ಲೆಕ್ಕ ಹಾಕುವಾಗ ಈ ತಿಂಗಳುಗಳನ್ನು ಸೇರಿಸಿ. ನೋರ್ಕಾ 2021ರಲ್ಲಿ ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್‌ಗಳಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅರ್ಜಿ ಕರೆದಾಗ ಬಿಡಬೇಡಿ.

ಹೊರಡುವಾಗ ಒರಿಜಿನಲ್ ಎಲ್ಲ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಸೀಲು ಬಿದ್ದ ಬೆನ್ನ ಪುಟವೂ ಸೇರಿ ಎರಡೂ ಕಡೆ ಸ್ಕ್ಯಾನ್ ಮಾಡಿ, ಒಂದು ಪ್ರತಿ ಮನೆಯಲ್ಲಿ ನಂಬುವವರ ಫೋನಿಗೂ ಕಳಿಸಿಡಿ.