ಮನೆಯಲ್ಲೇ ಬೇಸ್ ಗಿಟಾರ್ ಸೆಟಪ್: ಮೊದಲು ನೆಕ್, ಆಮೇಲೆ ಬ್ರಿಡ್ಜ್

ಬೇಸ್ ನುಡಿಸುವಾಗ ತಂತಿ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ತಗುಲಿ ಜಿರ್ ಅಂದರೆ ಬಹಳ ಜನ ಸೀದಾ ಬ್ರಿಡ್ಜ್‌ಗೆ, ಅಂದರೆ ಬಾಡಿ ಮೇಲೆ ತಂತಿ ಕೂರುವ ಲೋಹದ ಭಾಗಕ್ಕೆ, ಕೈ ಹಾಕುತ್ತಾರೆ. ನಾನು ಮೊದಲು ನೆಕ್, ಅಂದರೆ ಬೆರಳಿಟ್ಟು ನುಡಿಸುವ ಉದ್ದನೆಯ ಭಾಗ, ನೋಡುತ್ತೇನೆ. ಅದು ಮರ. ಬೆಂಗಳೂರಿನ ಮಾರ್ಚ್ ಒಣಹವೆಗೆ ಒಂದು ಥರ ಇರುತ್ತದೆ, ಮಳೆಗಾಲಕ್ಕೆ ಇನ್ನೊಂದು ಥರ. ಅದನ್ನು ಸರಿ ಮಾಡದೆ ಸುಮ್ನೆ ತಂತಿಯ ಎತ್ತರ ಬದಲಿಸಿದರೆ ಎರಡೆರಡು ಸಲ ಕೆಲಸ.

ನನ್ನದು 34 ಇಂಚು ಸ್ಕೇಲ್‌ನ (ತಂತಿ ಮಿಡಿಯುವ ಭಾಗದ ಉದ್ದ) ನಾಲ್ಕು ತಂತಿಯ ಬೇಸ್. ಹಾಕುವುದು 45–105 ಸೆಟ್, ಇದು ಇಂಚಿನ ಸಾವಿರದ ಭಾಗದಲ್ಲಿ ತಂತಿಗಳ ದಪ್ಪ. ಹೊಸ ತಂತಿ ಹಾಕಿ, ಟ್ಯೂನ್ ಮಾಡಿಕೊಂಡೇ ಶುರು ಮಾಡುತ್ತೇನೆ. ತಂತಿಯ ಪೂರ್ತಿ ಎಳೆತ ಇದ್ದಾಗ ಮಾತ್ರ ನೆಕ್ ಎಷ್ಟು ಬಾಗಿದೆ ಅಂತ ಗೊತ್ತಾಗುವುದು.

ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯುತ್ತೇನೆ. ಆಗ ಏಳನೇ ಫ್ರೆಟ್ ಮೇಲೆ ಸಣ್ಣ ಸಂದು ಕಾಣಬೇಕು. ನನಗೆ 0.3 ಮಿ.ಮೀ. ಹಿಡಿಸುತ್ತದೆ. ಅಳೆಯಲು ಫೀಲರ್ ಗೇಜ್ ಬೇಕು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವುದೂ ಅದನ್ನೇ, ಆಟೋಮೊಬೈಲ್ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿ. ಅದರ ತೆಳು ತಗಡು ಸಂದಿನೊಳಗೆ ಸಲೀಸಾಗಿ ಹೋಗಬೇಕು, ತಂತಿಯನ್ನು ಮೇಲೆತ್ತಬಾರದು.

ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್, ಅಂದರೆ ನೆಕ್ ಒಳಗಿನ ಲೋಹದ ಸರಳು, ಬಿಗಿ ಮಾಡುತ್ತೇನೆ, ಸಂದೇ ಇಲ್ಲದಿದ್ದರೆ ಸಡಿಲಿಸುತ್ತೇನೆ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಮತ್ತೆ ಟ್ಯೂನ್, ಮತ್ತೆ ಅಳತೆ. ಅಲೆನ್ ಕೀ ಆ ರಾಡ್‌ನ ನಟ್‌ನಲ್ಲಿ ಸ್ವಲ್ಪವೂ ಅಲುಗಾಡದೆ ಕೂರಬೇಕು. ಇಂಚು ಅಳತೆಯ ನಟ್‌ಗೆ ಮಿಲಿಮೀಟರ್ ಕೀ ಹಾಕಿ ತಿರುಗಿಸಿದರೆ ಒಳಗಿನ ಮೂಲೆಗಳು ಸವೆದೇ ಹೋಗುತ್ತವೆ. ತಿರುಗದೆ ಹಟ ಹಿಡಿದರೆ ಬಲ ಹಾಕಬೇಡಿ, ಗಿಟಾರ್ ರಿಪೇರಿಯವರಿಗೆ ಕೊಡಿ.

ಆಮೇಲೆ ಬ್ರಿಡ್ಜ್‌ನಲ್ಲಿ ತಂತಿಯ ಎತ್ತರ, ಅಂದರೆ ಫ್ರೆಟ್‌ನಿಂದ ತಂತಿಗೆ ಇರುವ ಅಂತರ. 17ನೇ ಫ್ರೆಟ್ ಹತ್ತಿರ ಇ ತಂತಿಗೆ 2.4 ಮಿ.ಮೀ., ಜಿ ತಂತಿಗೆ 2. ಇನ್ನೂ ತಗ್ಗಿಸಬಹುದು, ನಾನು ತಗ್ಗಿಸುವುದಿಲ್ಲ. ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಗಲವಾಗಿ ಅಲುಗುತ್ತದೆ, ಅದಕ್ಕೆ ಜಾಗ ಬೇಕಲ್ವಾ? ಜೋರಾಗಿ ಮೀಟಿದಾಗಲೂ ಸ್ವರ ತುಂಬಿ ಬರುವ ಸುಖವೇ ಬೇರೆ.

ಇಂಟೊನೇಶನ್‌ಗೆ, ಅಂದರೆ ನೆಕ್ ಉದ್ದಕ್ಕೂ ಸ್ವರ ಸರಿಯಾಗಿ ಬರುವಂತೆ ಮಾಡುವುದಕ್ಕೆ, ಮುಂಚೆ ಒಂದು ಸಣ್ಣ ಕೆಲಸ ಇದೆ. ಹೊಸ ದಪ್ಪ ತಂತಿ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸಣ್ಣ ತುಂಡು) ದಾಟಿದ ಕೂಡಲೇ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಅಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿದರೆ ನೇರವಾಗಿ ಕೂರುತ್ತದೆ. ಆಮೇಲೆ 12ನೇ ಫ್ರೆಟ್‌ನ ಹಾರ್ಮೋನಿಕ್ (ಒತ್ತದೆ ತಂತಿ ಮುಟ್ಟಿ ಮೀಟಿದಾಗ ಬರುವ ಸ್ವರ), ಅದೇ ಫ್ರೆಟ್ ಒತ್ತಿದ ಸ್ವರ, ಎರಡನ್ನೂ ಟ್ಯೂನರ್‌ನಲ್ಲಿ ನೋಡುತ್ತೇನೆ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ.

ಮಾರನೇ ದಿನ ನೆಕ್ ಇನ್ನೊಮ್ಮೆ ಅಳೆಯುತ್ತೇನೆ. ಮರ ಒಗ್ಗಿಕೊಳ್ಳಲು ಕೆಲವು ಸಲ ಒಂದು ರಾತ್ರಿ ಬೇಕಾಗುತ್ತದೆ. ಸಂದು ಬದಲಾಗಿದ್ದರೆ ಎತ್ತರ, ಇಂಟೊನೇಶನ್ ಎರಡನ್ನೂ ಮತ್ತೆ ನೋಡಲೇಬೇಕು.