ಫೋಟೊದ ಹಿಂದಿನ ಹೆಸರು ಹಿಡಿದು ಪೋಲೆಂಡಿನ ಕಾಡೂರು ಹುಡುಕುವುದು ಹೇಗೆ

ನಮ್ಮದು ನಿಪ್ಪಾಣಿ. ನಮ್ಮಜ್ಜ ಕೊಲ್ಹಾಪುರದ ಹತ್ತಿರದ ವಳಿವಡೆ ಕ್ಯಾಂಪಿಗೆ ತರಕಾರಿ ಹಾಕುತ್ತಿದ್ದರು. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರಿದ್ದರು. ಹೊರಡುವಾಗ ಒಬ್ಬ ಹೆಂಗಸು ಅಜ್ಜನ ಕೈಗೆ ಒಂದು ಫೋಟೊ ಕೊಟ್ಟಳಂತೆ. ಮರದ ಮನೆ, ಹಿಂದೆ ಪೈನ್ ಮರಗಳು. ಹಿಂಬದಿಗೆ ಪೆನ್ಸಿಲ್‌ನಲ್ಲಿ ಎರಡು ಪದ. ಒಂದು ‘ಹುತಾ’, ಇನ್ನೊಂದು ಅರ್ಧ ಅಳಿಸಿದೆ. ನಿಮ್ಮ ಟ್ರಂಕಿನಲ್ಲೂ ಇಂಥದ್ದಿದ್ದರೆ ಹೀಗೆ ಹುಡುಕಿ.

ಮೊದಲು ಹೆಸರಿನ ಅರ್ಥ ನೋಡಿ. ನಮ್ಮಲ್ಲಿ ಕುಂಬಾರ ಗಲ್ಲಿ ಇದ್ದ ಹಾಗೆ, ಅಲ್ಲಿನ ಕಾಡೂರುಗಳ ಹೆಸರಲ್ಲಿ ಕಸುಬೇ ಕೂತಿರುತ್ತದೆ. ‘ಬುದಿ’ ಅಂದರೆ ಕಾಡುಕೆಲಸದವರ ಗುಡಿಸಲುಗಳು. ‘ಸ್ಮೊಲಾರ್ನ್ಯಾ’ ಅಂದರೆ ಪೈನ್ ಬೇರು, ಬುಡ ಕಾಯಿಸಿ ಟಾರು ಇಳಿಸುವ ಭಟ್ಟಿ. ‘ಹುತಾ’ ಹೆಚ್ಚಾಗಿ ಗಾಜಿನ ಭಟ್ಟಿ. ಗಾಜಿಗೆ ಮರಳು ಬೇಕು, ಉರಿಸಲು ಕಟ್ಟಿಗೆ ಬೇಕು, ಮರ ಸುಟ್ಟ ಬೂದಿಯಿಂದ ತೆಗೆದ ಪೊಟ್ಯಾಶ್ ಬೇಕು. ಮೂರೂ ಕಾಡಿನಲ್ಲೇ ಸಿಗುತ್ತವೆ. ಸುತ್ತಲಿನ ಮರ ಮುಗಿದರೆ ಭಟ್ಟಿ ಮುಂದಕ್ಕೆ ಹೋಗುತ್ತಿತ್ತು. ಕಡಿದ ಬಯಲಲ್ಲಿ ಜನ ಹೊಲ ಮಾಡಿಕೊಂಡು ಉಳಿಯುತ್ತಿದ್ದರು. ಊರು ಹುಟ್ಟುತ್ತಿದ್ದದ್ದೇ ಹೀಗೆ.

ಅದಕ್ಕೇ ಹುತಾಗಳು ಲೆಕ್ಕವಿಲ್ಲದಷ್ಟಿವೆ. ಮೊದಲು ಸಿಕ್ಕಿದ್ದನ್ನೇ ನಂಬಿ ನಾನು ಎರಡು ತಿಂಗಳು ಕಳೆದೆ. ಎರಡನೇ ಪದ ಬೇಕೇ ಬೇಕು. ಫೋಟೊವನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿಯಿರಿ, ಪೆನ್ಸಿಲ್ ಒತ್ತಿದ ಗುರುತು ಕಾಣುತ್ತದೆ. ‘ಎಲ್’ ಮೇಲೆ ಅಡ್ಡಗೀರು ಇದೆಯಾ ನೋಡಿ. ಇದ್ದರೆ ಅದು ‘ವ’ ಉಚ್ಚಾರ, ಬೇರೆಯೇ ಅಕ್ಷರ.

ಆಮೇಲೆ ಯುದ್ಧಕ್ಕೆ ಮುಂಚಿನ ಪೋಲಿಷ್ ಸೇನಾ ನಕ್ಷೆ ತೆರೆಯಿರಿ. ಆನ್‌ಲೈನ್‌ನಲ್ಲಿ ಸುಮ್ನೆ ಸಿಗುತ್ತದೆ. ಒಂದು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಈಗಿನ ಪೋಲೆಂಡಿನಲ್ಲಿ ಮಾತ್ರ ಹುಡುಕಬೇಡಿ. 1945ರ ನಂತರ ಗಡಿಯೇ ಸರಿಯಿತು. ವಳಿವಡೆಗೆ ಬಂದವರಲ್ಲಿ ಜಾಸ್ತಿ ಜನರ ಊರು ಈಗ ಉಕ್ರೇನ್, ಬೆಲಾರುಸ್‌ನಲ್ಲಿದೆ. ಕಾಡಿನೊಳಗೆ ಒಂಟಿ ಮನೆಯ ಗುರುತಿದ್ದು ಪಕ್ಕದಲ್ಲಿ ‘ಗಾಯ್’ ಅಂತಿದ್ದರೆ ಅದು ಅರಣ್ಯ ಕಾವಲುಗಾರನ ಮನೆ. 1940ರ ಫೆಬ್ರವರಿ 10ರಂದು ಸೋವಿಯತ್ ಪೊಲೀಸರು ಸೈಬೀರಿಯದ ಕಡೆಗೆ ಸಾಗಿಸಿದ್ದು ಇಂಥ ಅರಣ್ಯ ನೌಕರರ ಕುಟುಂಬಗಳನ್ನೂ. ವಳಿವಡೆಗೆ ಬಂದವರಲ್ಲಿ ಹೀಗೆ ಸಾಗಿಸಿದವರೂ ಇದ್ದರು, ಹಾಗಾಗಿ ಆ ಗುರುತನ್ನು ಬಿಡಬೇಡಿ.

ಕೊನೆಗೆ ಅದೇ ಜಾಗವನ್ನು ಉಪಗ್ರಹ ಚಿತ್ರದಲ್ಲಿ ಹಿಡಿಯಿರಿ. ಒಂದೇ ಬೀದಿ, ಎರಡೂ ಬದಿ ಮನೆ, ಹಿಂದೆ ಉದ್ದುದ್ದ ಪಟ್ಟಿ ಹೊಲ ಇದ್ದರೆ ಊರು ಉಳಿದಿದೆ ಅಂತ ತಿಳಿಯಿರಿ. ನನಗೆ ಈಗಿನ ಉಕ್ರೇನಿನ ವೋಲಿನ್ ಕಡೆ ಸಿಕ್ಕ ಹುತಾದಲ್ಲಿ ಮನೆಗಳಿಲ್ಲ. 1943ರಲ್ಲಿ ಆ ಭಾಗದ ಎಷ್ಟೋ ಪೋಲಿಷ್ ಊರುಗಳು ಸುಟ್ಟುಹೋದವು. ಕಾಡಿನ ನಡುವೆ ತಿಳಿಹಸಿರಿನ ಒಂದು ಚೌಕ ಕಾಣುತ್ತದೆ. ಮಣ್ಣುದಾರಿ ನೇರ ಅದರೊಳಗೆ ಹೋಗಿ ನಿಂತುಬಿಡುತ್ತದೆ.